ಎಲಾದಿಯೊ ಕೆರೆಯದ ಗೋಡೆ

ನಮ್ಮೂರು ವಾಯೆ ಸೆರೇನೊದಲ್ಲಿ ಚುನಾವಣೆ ಯಾರು ಗೆದ್ದರು ಎಂದು ತಿಳಿಯಲು ರೇಡಿಯೊ ಬೇಕಿರಲಿಲ್ಲ, ಚೌಕದ ಬೆಂಚು ನೋಡಿದರೆ ಸಾಕಿತ್ತು. ಕೆಂಪಿನವರ ಮೇಯರ್ ಬಂದರೆ ಬೆಂಚು ಕೆಂಪು, ನೀಲಿಯವರ ಮೇಯರ್ ಬಂದರೆ ನೀಲಿ. ಬೆಂಚಷ್ಟೇ ಅಲ್ಲ, ದೀಪದ ಕಂಬ, ಕಸದ ಡಬ್ಬ, ಬಸ್ ನಿಲ್ದಾಣದ ಚಾವಣಿ, ಕೊನೆಗೆ ಸ್ಮಶಾನದ ಗೇಟು ಕೂಡ. ಸತ್ತವರಿಗೂ ಸುದ್ದಿ ತಲುಪಬೇಡವೇ? ಇಷ್ಟನ್ನೂ ನಾಲ್ಕು ವರ್ಷಕ್ಕೊಮ್ಮೆ ಬಳಿಯುತ್ತಿದ್ದವನು ಒಬ್ಬನೇ ಮನುಷ್ಯ, ಪುರಸಭೆಯ ಪೇಂಟರ್ ಎಲಾದಿಯೊ ಕೀಲೆಸ್.

ನಮ್ಮ ಪೋರ್ಟೊ ರಿಕೊದಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ಪಾಠ ಇದು. ಕೆಂಪು ಎಂದರೆ ಈಗಿದ್ದ ಹಾಗೇ ಇರೋಣ ಎನ್ನುವವರು, ಅಮೆರಿಕದ ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ. ನೀಲಿ ಎಂದರೆ ಐವತ್ತು ರಾಜ್ಯಗಳ ಜೊತೆ ನಾವೂ ಐವತ್ತೊಂದನೆಯದಾಗಿ ಸೇರಿಬಿಡೋಣ ಎನ್ನುವವರು. ಹಸಿರು ಎಂದರೆ ನಮ್ಮ ದೇಶ ನಮಗೆ ಕೊಡಿ ಎನ್ನುವವರು. ಹಸಿರಿನವರು ಗೆದ್ದ ದಾಖಲೆಯೇ ನಮ್ಮೂರಲ್ಲಿ ಇಲ್ಲವಾದ್ದರಿಂದ ಎಲಾದಿಯೊ ಹಸಿರು ಡಬ್ಬ ತೆರೆಯುತ್ತಿದ್ದದ್ದು ಕಿಟಕಿಗಳಿಗೆ ಮಾತ್ರ.

ಎಲಾದಿಯೊ ಸ್ವತಃ ಯಾವ ಬಣ್ಣದವನು? ಅದು ಊರಿಗೆ ಬಿಡಿಸಲಾಗದ ಒಗಟಾಗಿತ್ತು. ಅವನ ಮನೆಗೆ ಬಿಳಿ ಸುಣ್ಣ, ಅಂಗಿಗೆ ಎಲ್ಲ ಬಣ್ಣದ ಚುಕ್ಕೆ. ಕುಡಿಸಿ ಕೇಳಿದರೂ ಬಾಯಿ ಬಿಟ್ಟವನಲ್ಲ. "ನನ್ನ ಬ್ರಷ್ಷಿಗೆ ಕಿವಿ ಇಲ್ಲ ಕಣಯ್ಯ, ನಾಲಿಗೇನೂ ಇಲ್ಲ" ಎಂದು ನಕ್ಕುಬಿಡುತ್ತಿದ್ದ.

ಆದರೆ ಕಸುಬಿನ ವಿಷಯಕ್ಕೆ ಬಂದರೆ ಮೂಗಿನ ತುದಿಯಲ್ಲೇ ಸಿಟ್ಟು. "ಬಣ್ಣ ಬಳಿಯೋದು ಯಾರಿಗೆ ಬರಲ್ಲ? ಕೆರೆಯೋದು ಕಸುಬು" ಎನ್ನುತ್ತಿದ್ದ. ಹಳೇ ಬಣ್ಣವನ್ನು ಅಲಗಿನಿಂದ ಕೆರೆದು, ಉಜ್ಜಿ, ತೊಳೆದು, ಒಣಗಿಸಿ, ಆಮೇಲೇ ಹೊಸದು. ಎಂಬತ್ತನೇ ಇಸವಿಯ ಚುನಾವಣೆಯಲ್ಲಿ ಎಣಿಕೆ ಮುಗಿಯುವ ಮುಂಚೆಯೇ ಕೆಂಪಿನವರು ಕುಣಿದು ಪಟಾಕಿ ಹೊಡೆದರು, ಮಾತು ನಂಬಿ ಎಲಾದಿಯೊ ಅರ್ಧ ಚೌಕ ಕೆಂಪು ಮಾಡಿದ. ಮಾರನೇ ವಾರ ಮತ್ತೆ ಎಣಿಸಿದಾಗ ನೀಲಿ ಗೆದ್ದಿತ್ತು. ಬೇರೆಯವನಾಗಿದ್ದರೆ ಹಸಿ ಕೆಂಪಿನ ಮೇಲೇ ನೀಲಿ ಎಳೆದು ಕೈ ತೊಳೆದುಕೊಳ್ಳುತ್ತಿದ್ದ. ಇವನು ಹದಿನೇಳು ಬೆಂಚನ್ನೂ ಮರ ಕಾಣುವವರೆಗೆ ಕೆರೆದ. ನೀಲಿಯವರೂ ಕೆಂಪಿನವರೂ ಅಕ್ಕಪಕ್ಕ ನಿಂತು ನೋಡಿದರು. ಅವತ್ತು ಚೌಕದಲ್ಲಿ ಒಂದು ಬೈಗುಳವೂ ಕೇಳಲಿಲ್ಲ.

ಇಂಥವನು ಒಂದೇ ಒಂದು ಗೋಡೆಯನ್ನು ಎಂದೂ ಕೆರೆಯುತ್ತಿರಲಿಲ್ಲ. ಪುರಸಭೆಯ ಹಳೇ ಮಾರುಕಟ್ಟೆಯ ತುದಿಯಲ್ಲಿ ಮಾಕ್ಸಿಮಿನೊನ ಕ್ಷೌರದಂಗಡಿ ಇತ್ತು, ಅದರ ಪಕ್ಕದ ಗೋಡೆ ಚೌಕಕ್ಕೆ ಮುಖ ಮಾಡಿತ್ತು. ಅದಕ್ಕೆ ಮಾತ್ರ ಬಣ್ಣದ ಮೇಲೆ ಬಣ್ಣ. ಎಲ್ಲಾದರೂ ಅಂಚು ಎದ್ದರೆ ಒಳಗೆ ಗೋಂದು ಬಿಟ್ಟು ಅಂಗೈಯಿಂದ ಒತ್ತಿ ಕೂರಿಸುತ್ತಿದ್ದ. ಬಣ್ಣದ ಪದರ ಹೆಬ್ಬೆರಳಿನ ದಪ್ಪ ಬೆಳೆದಿತ್ತು. "ಏನೋ ಎಲಾದಿಯೊ, ಆ ಗೋಡೆಗೆ ಬಸುರಾ?" ಎಂದು ಜನ ಆಡಿಕೊಳ್ಳುತ್ತಿದ್ದರು. "ಆ ಗೋಡೆ ಟೊಳ್ಳು, ಕೆರೆದರೆ ಬೀಳುತ್ತೆ" ಎನ್ನುತ್ತಿದ್ದ ಅವನು. ಊರು ನಂಬಿತು. ಗೋಡೆಯ ವಿಷಯ ಪೇಂಟರಿಗೆ ತಾನೇ ಗೊತ್ತು.

ಅರವತ್ತೆರಡು ತುಂಬುವಷ್ಟರಲ್ಲಿ ಅವನನ್ನು ಒಂದು ಚಿಂತೆ ಹಿಡಿಯಿತು. ಗಾರೆಯವನು ಕಟ್ಟಿದ ಚರ್ಚಿನ ಮೆಟ್ಟಿಲು ಇದೆ, ಬಡಗಿ ಮಾಡಿದ ಬಾಗಿಲು ಇದೆ. ನಲವತ್ತಮೂರು ವರ್ಷ ದುಡಿದ ತನ್ನದು ಏನಿದೆ? ತಾನು ಬಳಿದದ್ದನ್ನೆಲ್ಲ ತಾನೇ ಕೆರೆದು ಬಿಸಾಕಿದ್ದ. "ಒಂದು ಗೋಡೆ ಪ್ರೋವಿ, ಒಂದೇ ಒಂದು. ನಾನು ಬಳಿದ ಮೇಲೆ ಯಾರೂ ಮುಟ್ಟಬಾರದು. ಅಷ್ಟು ಸಿಕ್ಕರೆ ನೆಮ್ಮದಿಯಾಗಿ ಕಣ್ಣು ಮುಚ್ತೀನಿ" ಎಂದು ಹೆಂಡತಿಗೆ ಹೇಳಿದ.

ಪ್ರೋವಿದೆನ್ಸಿಯಾ ತೊಗರಿಕಾಳು ಬಿಡಿಸುತ್ತಿದ್ದಳು. "ಬಚ್ಚಲ ಗೋಡೆ ಬಳಿ ಮುದುಕಾ. ಅದನ್ನ ಆರು ವರ್ಷದಿಂದ ಯಾರೂ ಮುಟ್ಟಿಲ್ಲ, ನೀನೂ ಸೇರಿ" ಎಂದಳು.

ಅದು ತೊಂಬತ್ತಮೂರನೇ ಇಸವಿ. ನಮ್ಮ ಹುಡುಗಿಯೊಬ್ಬಳು ವಿಶ್ವಸುಂದರಿ ಕಿರೀಟ ಹೊತ್ತು ಬಂದ ವರ್ಷ, ಇಡೀ ದ್ವೀಪ ಕಾಲರ್ ಎತ್ತಿ ನಡೆಯುತ್ತಿತ್ತು. ಅದೇ ವರ್ಷ ನವೆಂಬರ್ ಹದಿನಾಲ್ಕಕ್ಕೆ ಜನಮತ ನಿಗದಿಯಾಯಿತು: ರಾಜ್ಯವಾಗೋಣವೋ, ಹೀಗೇ ಇರೋಣವೋ, ಬೇರೆ ದೇಶವಾಗೋಣವೋ? ಊಟದ ಮೇಜಿಗೆ ಮೂರು ಪಕ್ಷ ಬಂದು ಕುಳಿತವು.

ಎಲಾದಿಯೊನ ಮನೆಯಲ್ಲಂತೂ ಪ್ರೋವಿ ಕಟ್ಟಾ ನೀಲಿ. ಅವಳ ಅಣ್ಣ ಟೋನ್ಯೊ ಐವತ್ತರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈನ್ಯದ ಜೊತೆ ಕೊರಿಯಾಕ್ಕೆ ಹೋದವನು ಹೆಣವಾಗಿ ಬಂದಿದ್ದ. ಹೊರಡುವ ಮುಂಚೆ ಸಮವಸ್ತ್ರದಲ್ಲಿ ಕ್ಷೌರದಂಗಡಿಯ ಗೋಡೆಗೆ ಒರಗಿ ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ ಗೂಡಿನಲ್ಲಿತ್ತು. ಅವನ ಹಿಂದೆ ಗೋಡೆಯ ತುಂಬ ಬರೆದ ನಮ್ಮ ಬಾವುಟ: ಐದು ಪಟ್ಟೆ, ಒಂದು ತ್ರಿಕೋನ, ಒಂಟಿ ನಕ್ಷತ್ರ.

ಮಾಕ್ಸಿಮಿನೊ ಕಟ್ಟಾ ಹಸಿರು. ಅವನ ಮಗಳಿಗೆ ಎಲಾದಿಯೊ ಜ್ಞಾನಸ್ನಾನದ ತಂದೆಯಾಗಿ ನಿಂತ ಮೇಲೆ ಇಬ್ಬರೂ ಕೊಂಪಾದ್ರೆಗಳು. ನಮ್ಮಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ಗುಂಜಿ ಹೆಚ್ಚಿನದು. ಪ್ರತಿ ಭಾನುವಾರ ಪೂಜೆ ಮುಗಿಸಿ ಅವನು ಇವರ ಮನೆಗೆ ಕಾಫಿಗೆ ಬರುತ್ತಿದ್ದ, ಪ್ರೋವಿಯ ಹತ್ತಿರ ಜಗಳ ಆಡಿಯೇ ಹೋಗುತ್ತಿದ್ದ.

"ಅಕ್ಕಾ, ರಾಜ್ಯ ಆದ್ರೆ ಒಲಿಂಪಿಕ್ಸಿಗೆ ನಮ್ಮ ತಂಡ ಹೋಗುತ್ತಾ? ವಿಶ್ವಸುಂದರಿ ನಮ್ಮ ಹೆಸರಲ್ಲಿ ನಿಲ್ಲುತ್ತಾಳಾ? ನಿಮ್ಮ ಮೊಮ್ಮಕ್ಕಳು ಅಜ್ಜೀ ಅನ್ನೋಕೂ ಇಂಗ್ಲಿಷ್ ತಡಕಾಡ್ತಾರೆ ನೋಡ್ತಿರಿ."

"ಸುಂದರಿ ಕಿರೀಟ ಕಟ್ಕೊಂಡು ಏನಯ್ಯಾ ಮಾಡ್ಲಿ? ನಮ್ಮ ಟೋನ್ಯೊನ ಯುದ್ಧಕ್ಕೆ ಕಳಿಸಿದ ಅಧ್ಯಕ್ಷನಿಗೆ ಓಟು ಹಾಕೋ ಹಕ್ಕು ಟೋನ್ಯೊಗೆ ಇರಲಿಲ್ಲ. ಸಾಯೋಕೆ ಅಮೆರಿಕದವನು, ಓಟಿಗೆ ಅಲ್ಲ! ಮನೆ ಅಂದ್ಮೇಲೆ ಜಗಲಿಲಿ ಎಷ್ಟು ವರ್ಷ ಕೂತಿರ್ತೀಯ? ಒಳಗಾದ್ರೂ ಹೋಗು, ಇಲ್ಲ ನಿನ್ನ ದಾರಿ ನೀನು ನೋಡ್ಕೋ."

"ಅದನ್ನೇ ಅಕ್ಕಾ ನಾನೂ ಹೇಳ್ತಿರೋದು, ದಾರಿ ನೋಡ್ಕೊಳ್ಳೋಣ ಅಂತ."

"ನಿನ್ನ ದಾರಿಲಿ ಹೊಟ್ಟೆಗೇನು, ನಿನ್ನ ಭಾಷಣವಾ? ಕಾಫಿ ಆರ್ತಿದೆ, ಕುಡಿ."

ಎಲಾದಿಯೊ ಮಧ್ಯದಲ್ಲಿ ಕೂತು ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದ. ಇಬ್ಬರ ಮಾತೂ ಅವನಿಗೆ ಸರಿ ಎನಿಸುತ್ತಿತ್ತು, ಅದೇ ಅವನ ಕಷ್ಟ.

ಅಕ್ಟೋಬರ್ ಕೊನೆಗೆ ಮೇಯರ್ ನೆರೇಯ್ದಾ ಅವನನ್ನು ಕರೆಸಿದಳು. ಕಪ್ಪು ಕನ್ನಡಕದ, ಮಾತಿಗೆ ಮುಂಚೆ ನಗುವ ಹೆಂಗಸು, ನೀಲಿ ಪಕ್ಷದವಳು. ಹಿರಿಯರನ್ನು ನಮ್ಮಲ್ಲಿ ಮರ್ಯಾದೆಗೆ ದೊನ್ ಎನ್ನುತ್ತಾರೆ, ಅವಳೂ ಹಾಗೇ ಕರೆದಳು.

"ದೊನ್ ಎಲಾದಿಯೊ, ಕ್ಷೌರದಂಗಡಿ ಗೋಡೆ ಮೇಲೆ ಬಾವುಟ ಬರೀಬೇಕು. ದೊಡ್ಡದು. ಮತದಾನದ ಹಿಂದಿನ ದಿನ ನಮ್ಮ ಕಾರುಗಳ ಮೆರವಣಿಗೆ ಅದರ ಮುಂದೇನೇ ಹೋಗೋದು. ಶನಿವಾರ ಬೆಳಿಗ್ಗೆಗೆ ಮುಗಿದಿರಲಿ."

ಎಲಾದಿಯೊ ಬಯಸಿದ್ದ ಗೋಡೆ ಸಿಕ್ಕಿತ್ತು, ಆದರೆ ಬೇರೆ ಯಾವ ಗೋಡೆಯೂ ಅಲ್ಲ, ಅದೇ ಗೋಡೆ. ಆದರೂ ಧೈರ್ಯ ಮಾಡಿದ. "ಬರೀತೀನಿ ಮೇಯರಮ್ಮಾ. ಒಂದು ಮಾತು ಕೊಡಿ. ಅದನ್ನ ಆಮೇಲೆ ಯಾರೂ ಅಳಿಸಬಾರದು. ನೀವೂ, ನಿಮ್ಮ ನಂತರ ಬರೋರೂ."

"ನೀಲಿ ಸರಿಯಾಗಿದ್ದರೆ ಯಾಕೆ ಅಳಿಸ್ತೀನಿ? ಯಾವ ನೀಲಿ ಅಂತ ನಿಮಗೆ ಹೇಳಿಕೊಡಬೇಕಾ?" ಎಂದು ನಕ್ಕಳು.

ಅಲ್ಲೇ ಇತ್ತು ಗಂಟಲಿನ ಮುಳ್ಳು. ನಮ್ಮ ಬಾವುಟದ ಪಟ್ಟೆಗಳ ಬಗ್ಗೆ ಜಗಳವಿಲ್ಲ, ನಕ್ಷತ್ರದ ಬಗ್ಗೆಯೂ ಇಲ್ಲ. ಜಗಳವೆಲ್ಲ ತ್ರಿಕೋನದ ನೀಲಿಯದು. ಅಮೆರಿಕದ ಬಾವುಟದಂತೆ ಕಡುನೀಲಿ ಬಳಿದರೆ ನೀನು ರಾಜ್ಯದ ಪರ. ಆಕಾಶನೀಲಿ ಬಳಿದರೆ ಬೇರೆ ದೇಶದ ಪರ. ನಡುವಿನದು ಬಳಿದರೆ ಹೀಗೇ ಇರೋಣ ಎನ್ನುವವನು. ಮನೆಮುಂದೆ ಬಾವುಟ ಹಾರಿಸಿದವನ ಓಟು ಯಾರಿಗೆಂದು ಬೀದಿಯ ನಾಯಿಗೂ ತಿಳಿಯುವ ಊರು ನಮ್ಮದು. ನಲವತ್ತಮೂರು ವರ್ಷ ಬಾಯಿ ಬಿಡದವನು ಈಗ ಬಾವುಟ ಬರೆಯಬೇಕು. ಯಾವ ನೀಲಿ ಬಳಿದರೂ ನಾಲ್ಕು ವರ್ಷದಲ್ಲಿ ಬರುವ ಇನ್ನೊಬ್ಬ ಮೇಯರ್ ಅದನ್ನು ಕೆರೆಸುವುದು ಖಂಡಿತ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಅವನು ಒಂದು ಉಪಾಯ ಮಾಡಿದ. ಮೂರು ಹಲಗೆಗೆ ಮೂರು ನೀಲಿ ಬಳಿದು ಮತದಾನದ ವಾರದ ಬುಧವಾರ ಬೆಳಿಗ್ಗೆ ಚೌಕದಲ್ಲಿ ಸಾಲಾಗಿ ನಿಲ್ಲಿಸಿದ. ಊರೇ ಒಪ್ಪಿ ಒಂದನ್ನು ಆರಿಸಿದರೆ ಅಳಿಸುವವರು ಯಾರು?

ಅರ್ಧ ಗಂಟೆಯಲ್ಲಿ ಚೌಕ ತುಂಬಿತು. ಬಾಯಿಗೊಂದು ಮಾತು.

"ನಡುವಿನದಾ? ಅದು ನೀಲಿಯಾ? ಧೈರ್ಯ ಇಲ್ಲದೋರ ಬಣ್ಣ ಅದು!"

"ನಿಮ್ಮ ಕಡುನೀಲಿ ಹಾಕಿದ್ರೆ ರಾತ್ರಿ ಬಾವುಟ ಕಾಣಲ್ಲ ಕಣ್ರೋ, ನಿಮ್ಮ ಭವಿಷ್ಯದ ಥರ!"

"ಆಕಾಶನೀಲಿ ಅಂತೆ, ಮಗುವಿನ ತೊಟ್ಟಿಲಿಗೆ ಬಳೀರಿ ಹೋಗ್ರೋ!"

ಹಸಿ ಬಣ್ಣ ಒಣಗಿದರೆ ಕಡುವಾಗುತ್ತದೆ, ಅದು ಪೇಂಟರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಬೆಳಿಗ್ಗೆ ಹಸಿರಿನವರು ನಮ್ಮದು ಎಂದು ತಬ್ಬಿಕೊಂಡ ಹಲಗೆ ಮಧ್ಯಾಹ್ನದ ಹೊತ್ತಿಗೆ ಕೆಂಪಿನವರ ನಡುನೀಲಿಯ ಹಾಗೆ ಕಂಡಿತು. ಯಾರೋ ಹಲಗೆ ಬದಲಾಯಿಸಿದ್ದಾರೆ ಎಂದು ಕೂಗೆದ್ದಿತು. ಲಾಟರಿ ಚೀಟಿ ಮಾರುವ ಮುದುಕಿ ತನ್ನ ಕುರ್ಚಿ ಎತ್ತಿಕೊಂಡು, "ಬಣ್ಣ ಒಣಗೋಕೆ ಬಿಡದೆ ಹೊಡೆದಾಡೋ ಜನ ನಾವು, ನಮಗೆ ರಾಜ್ಯ ಯಾಕೆ, ದೇಶ ಯಾಕೆ!" ಎಂದು ಚರ್ಚಿನ ಕಡೆ ಹೋದಳು. ಸಂಜೆಯೊಳಗೆ ಮೂರೂ ಹಲಗೆ ಮುರಿದವು. ಮೇಯರ್ ಚೀಟಿ ಕಳಿಸಿದಳು: ಶನಿವಾರಕ್ಕೆ ಕಡುನೀಲಿ ಬಾವುಟ ಆಗದಿದ್ದರೆ ಬೇರೆ ಊರಿನ ಪೇಂಟರ್ ಬಂದು ಆ ಗೋಡೆಯನ್ನು ಪೂರ್ತಿ ಕೆರೆದು ಬರೆಯುತ್ತಾನೆ.

ಪೂರ್ತಿ ಕೆರೆದು. ಆ ಎರಡು ಪದ ಓದಿ ಎಲಾದಿಯೊ ಚೀಟಿ ಮಡಿಚಿ ಜೇಬಿಗೆ ತುರುಕಿದ.

ಅವತ್ತು ಮನೆಯಲ್ಲಿ ಪ್ರೋವಿ ಟೋನ್ಯೊನ ಫೋಟೊ ತಂದು ಅವನ ಮುಂದೆ ಹಿಡಿದಳು. "ಇದರಲ್ಲಿ ತ್ರಿಕೋನ ಕಪ್ಪಗೇ ಇದೆ ನೋಡು. ಕಡುನೀಲಿ ಅಲ್ದೆ ಮತ್ತೇನು? ಮಾಕ್ಸಿಮಿನೊ ಅಪ್ಪನೇ ಬರೆದದ್ದು. ಪೊಲೀಸರು ಕೆರೆದು ಸುಣ್ಣ ಹೊಡೆದರಲ್ಲ, ಪಾಪಿಗಳು."

ಎಲಾದಿಯೊ ಫೋಟೊ ಕೈಗೆ ತೆಗೆದುಕೊಳ್ಳಲಿಲ್ಲ. ಕಪ್ಪುಬಿಳುಪು ಫೋಟೊಗೆ ಯಾವ ನೀಲಿ ಎಂದು ಏನು ಗೊತ್ತು? ಅವನಿಗೆ ಗೊತ್ತಿತ್ತು.

ಆ ನೀಲಿ ಅವನ ಅಮ್ಮನದು. ಅವಳು ಬಟ್ಟೆ ಒಗೆಯುವವಳು. ನಲವತ್ತೇಳರಲ್ಲಿ ಮಾಕ್ಸಿಮಿನೊನ ಅಪ್ಪ, ಕ್ಷೌರದ ದೊನ್ ಇಲಾರಿಯೊ, ಅಂಗಡಿ ಗೋಡೆಗೆ ಬಾವುಟ ಬರೆಯಲು ಹೊರಟಾಗ ಕೆಂಪು ಸಿಕ್ಕಿತು, ಬಿಳಿ ಸಿಕ್ಕಿತು, ನೀಲಿ ಸಿಗಲಿಲ್ಲ. ಅಮ್ಮ ಬಿಳಿ ಬಟ್ಟೆಗೆ ಹಾಕುವ ನೀಲಿಪುಡಿ ಕೊಟ್ಟಳು, ಅವನು ಅದನ್ನು ಬಿಳಿ ಎಣ್ಣೆಬಣ್ಣದಲ್ಲಿ ಕಲಸಿ ತ್ರಿಕೋನ ತುಂಬಿದ. ಆಗ ಯಾರೂ ಯಾವ ನೀಲಿ ಎಂದು ಕೇಳಲಿಲ್ಲ. ಮರುವರ್ಷ ಕಾನೂನು ಬಂತು, ಬಾವುಟ ಹಾರಿಸಿದರೆ ಜೈಲು. ಗೋಡೆಯ ಮೇಲಿನದನ್ನು ಮಾತ್ರ ಸ್ವಲ್ಪ ಕಾಲ ಕಂಡೂ ಕಾಣದಂತೆ ಬಿಟ್ಟಿದ್ದರು. ಐವತ್ತರ ಅಕ್ಟೋಬರಿನಲ್ಲಿ ಸ್ವಾತಂತ್ರ್ಯ ಬೇಕೆಂದವರು ಬಂಡೆದ್ದರು, ಬೀದಿಗೆ ಬಂದೂಕು ಬಂತು, ದೊನ್ ಇಲಾರಿಯೊನನ್ನು ಹಿಡಿದೊಯ್ದರು. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಒಂದು ಮುಂಜಾನೆ ಪೊಲೀಸ್ ಸಾರ್ಜೆಂಟ್ ಪೇಂಟರ್ ಹುಡುಕಿಕೊಂಡು ಬಂದ. ಮೇಸ್ತ್ರಿ ಜ್ವರ ಎಂದು ಮಲಗಿಬಿಟ್ಟಿದ್ದ. ಸಿಕ್ಕವನು ಹತ್ತೊಂಬತ್ತರ ಎಲಾದಿಯೊ, ಕೆಲಸಕ್ಕೆ ಸೇರಿ ತಿಂಗಳಾಗಿತ್ತು. "ಕೆರೆದು ಹಾಕಿ ಸುಣ್ಣ ಹೊಡಿ" ಎಂದು ಹೇಳಿ ಸಾರ್ಜೆಂಟ್ ಕಾಫಿ ಕುಡಿಯಲು ಹೋದ.

ಅದು ಅವನು ಒಂಟಿಯಾಗಿ ಮಾಡಿದ ಮೊದಲ ಕೆಲಸ. ಅಲಗು ಎತ್ತಿದ. ಅಮ್ಮನ ನೀಲಿಯ ಮೇಲೆ ಇಡಲು ಕೈ ಬರಲಿಲ್ಲ. ಇಲ್ಲ ಎನ್ನುವ ಎದೆಯೂ ಇರಲಿಲ್ಲ. ಅಲಗು ಕೆಳಗಿಟ್ಟು ಬಾವುಟದ ಮೇಲೇ ಸುಣ್ಣ ಬಳಿದ. ಎಣ್ಣೆಬಣ್ಣದ ಮೇಲೆ ಸುಣ್ಣ ಕಚ್ಚುವುದಿಲ್ಲ, ಕೂತಿರುತ್ತದೆ ಅಷ್ಟೆ. ಅದು ಉದುರದ ಹಾಗೆ ನಲವತ್ತಮೂರು ವರ್ಷ ಕಾದ. ಬಾವುಟವನ್ನು ಕಾದನೋ ತನ್ನ ಮಾನವನ್ನು ಕಾದನೋ ಅವನಿಗೇ ತಿಳಿಯದು. ಮುಚ್ಚಿದ ಕೈ ಯಾರದೆಂದು ಮಾಕ್ಸಿಮಿನೊಗೆ ಗೊತ್ತಾದರೆ ಆ ಮುಖ ಹೇಗಾದೀತು ಎಂಬುದೊಂದೇ ಅವನ ಭಯ. ಆ ಭಯಕ್ಕೇ ನಾಲ್ಕು ವರ್ಷಕ್ಕೊಂದು ಪದರ ಹೊದಿಸುತ್ತ ಬಂದಿದ್ದ.

ಶುಕ್ರವಾರ ಬೆಳಗಾಗುತ್ತಲೇ ಎಲಾದಿಯೊ ಏಣಿ ಹೊತ್ತು ಬಂದ. ಬಣ್ಣದ ಡಬ್ಬ ತರಲಿಲ್ಲ. ಅಲಗು ತಂದ, ಅಂಚು ಮಸೆದು.

ಮೇಲಿನ ಮೂಲೆಯಲ್ಲಿ ಅಲಗು ತೂರಿಸಿದ. ಕೆರೆಯಲಿಲ್ಲ, ಬಾಳೆಲೆ ಬಿಡಿಸುವವರ ಹಾಗೆ ನಿಧಾನಕ್ಕೆ ಎತ್ತಿದ. ಹನ್ನೊಂದು ಚುನಾವಣೆಯ ಬಣ್ಣ ಒಟ್ಟಾಗಿ ಅಂಗೈ ಅಗಲ ಎದ್ದು ಬಂತು. ಅಂಚಿನಲ್ಲಿ ಪದರ ಪದರ ಕಾಣುತ್ತಿತ್ತು: ಮೇಲೆ ಈ ವರ್ಷದ ನೀಲಿ, ಕೆಳಗೆ ಕೆಂಪು, ಮತ್ತೆ ಕೆಂಪು, ನೀಲಿ, ನೀಲಿ, ಕೆಂಪು, ತಳದಲ್ಲಿ ಸುಣ್ಣದ ಬಿಳಿ ಗೆರೆ. ಮೊದಲು ಕಂಡದ್ದು ಒಂದು ಕೆಂಪು ಪಟ್ಟೆಯ ತುದಿ.

ರೊಟ್ಟಿ ತರಲು ಹೊರಟವರು ನಿಂತರು. ನಿಂತವರನ್ನು ನೋಡಿ ಇನ್ನಷ್ಟು ಜನ ನಿಂತರು. ಬುಧವಾರ ಹಲಗೆ ಮುರಿದವರು ಇವತ್ತು ಕೈಕಟ್ಟಿ ನಿಂತಿದ್ದರು. ಹತ್ತು ಗಂಟೆಗೆ ನಕ್ಷತ್ರದ ಒಂದು ಮೂಲೆ ಕಂಡಿತು, ಅದರ ಸುತ್ತ ನೀಲಿ. ಪ್ರೋವಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಾಕ್ಸಿಮಿನೊ ಗಿರಾಕಿಯ ಅರ್ಧ ಕೆನ್ನೆಗೆ ನೊರೆ ಬಿಟ್ಟು ಹೊರಬಂದ, ಕೈಯಲ್ಲಿ ಕತ್ತಿ. ಗಿರಾಕಿಯೂ ನೊರೆ ಸಮೇತ ಬಂದ.

ಎಲಾದಿಯೊ ಏಣಿಯಿಂದ ಇಳಿದ. ಕೊಂಪಾದ್ರೆಯ ಮುಖ ನೋಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಮಾಕ್ಸಿಮಿನೊ, ನಿಮ್ಮಪ್ಪನ ಬಾವುಟ ಇದು. ಪೊಲೀಸರು ಕೆರೀಲಿಲ್ಲ. ಸುಣ್ಣ ಬಳಿದು ಮುಚ್ಚಿದ್ದು ನಾನು. ಈ ಕೈ. ನಿನ್ನ ಮಗಳಿಗೆ ಜ್ಞಾನಸ್ನಾನ ಮಾಡಿಸ್ವಾಗ ಎತ್ಕೊಂಡಿದ್ದೂ ಇದೇ ಕೈ. ಇಷ್ಟು ವರ್ಷ ಹೇಳೋಕೆ ಬಾಯಿ ಬರಲಿಲ್ಲ ಕಣೋ."

ಮಾಕ್ಸಿಮಿನೊ ಕತ್ತಿ ಮಡಿಚಿ ಜೇಬಿಗಿಟ್ಟ. ಗೋಡೆಯ ಹತ್ತಿರ ಹೋಗಿ ನಕ್ಷತ್ರದ ಅಂಚಿನ ಮೇಲೆ ಬೆರಳಾಡಿಸಿದ.

"ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ಎಲ್ಲಾ. ಅಪ್ಪ ಎರಡು ವರ್ಷ ಆದ್ಮೇಲೆ ಜೈಲಿಂದ ಬಂದ. ಮನೆಗೂ ಹೋಗಲಿಲ್ಲ, ಸೀದಾ ಇಲ್ಲಿಗೆ ಬಂದು ಸುಣ್ಣದ ಮೇಲೆ ಕೈ ಆಡಿಸಿದ. ಕ್ಷೌರದವನ ಬೆರಳು ಮಾರಾಯಾ, ಕೆನ್ನೆ ಮೇಲಿನ ಒಂದು ಕೂದಲೂ ತಿಳೀತದೆ. ಒಳಗೆ ನಕ್ಷತ್ರದ ಅಂಚು ಸಿಕ್ತು. 'ಕೆರೆದಿಲ್ಲ' ಅಂದ. ಸುಣ್ಣ ಬಳಿದವನು ಯಾರು ಅಂತ ವಿಚಾರಿಸಿದ. ಆಮೇಲೆ ನನಗೆ ಹೇಳಿದ, 'ಒಗೆಯೋ ಮ್ಯಾನ್ವೇಲಾಳ ಮಗ. ಅವನ ಜೊತೆ ಇರು. ಅವನನ್ನ ಬಿಡಬೇಡ' ಅಂತ."

"ಮತ್ತೆ ನನಗೆ ಯಾಕೋ ಹೇಳಲಿಲ್ಲ, ಕತ್ತೆ?" ಎಲಾದಿಯೊ ಅವನ ತೋಳು ಹಿಡಿದು ಅಲುಗಾಡಿಸಿದ. "ನಲವತ್ತು ವರ್ಷ ನನ್ನ ನಿದ್ದೆ ಕೆಡಿಸಿದೆಯಲ್ಲೋ!"

"ಹೇಳಿದ್ರೆ ನೀನು ಕಾಯೋದು ಬಿಟ್ಟುಬಿಟ್ರೆ? ನೀನು ಅಂಚು ಒತ್ತಿ ಕೂರಿಸೋದನ್ನ ನಾನು ಒಳಗಿಂದ ನೋಡ್ತಿರಲಿಲ್ವಾ?" ಎಂದ ಮಾಕ್ಸಿಮಿನೊ. ನಗಲು ಹೋಗಿ ಅತ್ತುಬಿಟ್ಟ. ಇಬ್ಬರು ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು, ಯಾರ ಅಂಗಿಗೆ ಯಾರ ಬಣ್ಣವೋ ಹತ್ತಿತು.

ಮಧ್ಯಾಹ್ನದ ಮೇಲೆ ಮಾಕ್ಸಿಮಿನೊನೂ ಕ್ಷೌರದ ಕತ್ತಿ ಹಿಡಿದು ಏಣಿ ಹತ್ತಿದ. ಪ್ರೋವಿ ಕೆಳಗೆ ನಿಂತು "ಮೆಲ್ಲಗೆ, ಮೆಲ್ಲಗೆ" ಎಂದು ಇಬ್ಬರನ್ನೂ ಗದರಿಸುತ್ತಿದ್ದಳು. ನಾಲ್ಕು ಗಂಟೆಗೆ ಬಾವುಟ ಪೂರ್ತಿ ಹೊರಬಂತು. ಮೂರು ಕಡೆ ಚೂರು ಕಿತ್ತಿತ್ತು, ಒಂದು ಪಟ್ಟೆ ಕೊಂಚ ಸೊಟ್ಟ. ಬಿಸಿಲು ಮಳೆ ಕಾಣದ ಬಣ್ಣ ನಿನ್ನೆ ಬಳಿದಂತಿತ್ತು.

ಆ ನೀಲಿ ಯಾವುದು? ಕಡುವೂ ಅಲ್ಲ, ಆಕಾಶದ್ದೂ ಅಲ್ಲ, ನಡುವಿನದೂ ಅಲ್ಲ. ಒಗೆದು ಒಣಹಾಕಿದ ಹಾಸಿಗೆ ಬಟ್ಟೆಯ ನೀಲಿ. ಅದರ ಮುಂದೆ ನಿಂತ ನೂರಿನ್ನೂರು ಜನಕ್ಕೆ ಅದು ಯಾರ ಕಡೆಯದೆಂದು ಹೇಳಲು ಬರಲಿಲ್ಲ.

ಪ್ರೋವಿ ಹೋಗಿ ತ್ರಿಕೋನದ ಕೆಳಗೆ, ಟೋನ್ಯೊ ಒರಗಿದ್ದ ಜಾಗದಲ್ಲಿ ಬೆನ್ನು ಕೊಟ್ಟು ನಿಂತಳು. "ಅಣ್ಣ ಹಡಗು ಹತ್ತೋ ಮುಂಚೆ ನೋಡಿದ್ದು ಇದನ್ನೇ" ಎಂದಳು. "ನಾನು ನಾಡಿದ್ದು ರಾಜ್ಯಕ್ಕೇ ಓಟು ಹಾಕೋದು, ಅದರಲ್ಲಿ ಬದಲಿಲ್ಲ. ಆದ್ರೆ ರಾಜ್ಯ ಆದ ದಿನ ಇದನ್ನ ಅಳಿಸು ಅಂತ ಯಾವನಾದ್ರೂ ಬಂದ್ರೆ ಪೊರಕೆ ತಗೊಳ್ತೀನಿ."

"ಅಕ್ಕಾ, ಅವತ್ತು ಪೊರಕೆ ನಾನೇ ತಂದ್ಕೊಡ್ತೀನಿ" ಎಂದ ಮಾಕ್ಸಿಮಿನೊ.

ಅಷ್ಟರಲ್ಲಿ ಮೇಯರ್ ನೆರೇಯ್ದಾಳ ಕಾರು ಬಂತು. ಜನ ದಾರಿ ಬಿಟ್ಟರು. ಎಲಾದಿಯೊ ಏಣಿಯ ಪಕ್ಕ ನೆಟ್ಟಗೆ ನಿಂತ. ಹತ್ತೊಂಬತ್ತರಲ್ಲಿ ಬಾರದ ಮಾತು ಈಗ ಬಂತು. "ಮೇಯರಮ್ಮಾ, ಇದಕ್ಕೆ ಕಡುನೀಲಿ ನಾನು ಬಳಿಯಲ್ಲ. ಬೇರೆಯವರು ಬಳಿಯೋಕೂ ಬಿಡಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ."

ಮೇಯರ್ ಕಪ್ಪು ಕನ್ನಡಕ ತೆಗೆದು ನೋಡಿದಳು. ಮತ್ತೆ ಹಾಕಿಕೊಂಡು ನೋಡಿದಳು. ಸುತ್ತ ನಿಂತ ತನ್ನ ಪಕ್ಷದವರ ಮುಖ ನೋಡಿದಳು. ಅವರಲ್ಲಿ ಒಬ್ಬನೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ, ಎಲ್ಲ ಗೋಡೆ ನೋಡುತ್ತಿದ್ದರು. ಕೊನೆಗೆ ಆಕಾಶ ನೋಡಿದಳು.

"ಮೋಡ ಕಟ್ಟಿದೆ ದೊನ್ ಎಲಾದಿಯೊ. ಹೀಗೇ ಬಿಟ್ಟರೆ ಹಾಳಾಗುತ್ತೆ. ಉಗ್ರಾಣದಲ್ಲಿ ವಾರ್ನಿಶ್ ಇದೆ, ತರಿಸ್ಕೊಳ್ಳಿ" ಎಂದಳು. ಹೊರಟವಳು ತಿರುಗಿ, "ಎರಡು ಸಲ ಹೊಡೀರಿ" ಎಂದಳು.

ಎರಡು ಸಲ ಹೊಡೆದ. ಶನಿವಾರ ನೀಲಿಯವರ ಮೆರವಣಿಗೆ ಅದರ ಮುಂದೆ ಹಾರ್ನ್ ಹಾಕುತ್ತ ಹೋಯಿತು. ಹಸಿರಿನವರು ನಡೆದುಕೊಂಡು ಬಂದು ಹಾಡಿ ಹೋದರು, ಕೆಂಪಿನವರು ಡೋಲು ಬಾರಿಸಿ ಹೋದರು. ಮೂವರೂ ಗೋಡೆಗೆ ಒಂದೇ ತರಹ ಕೈ ಎತ್ತಿದರು.

ಭಾನುವಾರ ಮತದಾನವಾಯಿತು. ಯಾರಿಗೂ ಅರ್ಧ ದಾಟಲಿಲ್ಲ. ಹೀಗೇ ಇರೋಣ ಎನ್ನುವವರು ಕೂದಲೆಳೆ ಮುಂದೆ, ರಾಜ್ಯದವರು ಅವರ ಬೆನ್ನಿಗೆ. ಪ್ರೋವಿ ಮೂರು ದಿನ ಮುಖ ಊದಿಸಿಕೊಂಡು ಬೇಯಿಸಿದ ಬಾಳೆಕಾಯಿ ಬಿಟ್ಟು ಬೇರೇನೂ ಮಾಡಲಿಲ್ಲ. ಮಾಕ್ಸಿಮಿನೊ ಮಾತ್ರ "ನಮಗೆ ನೂರಕ್ಕೆ ನಾಲ್ಕು! ಹಿಂದಿನ ಜನಮತದಲ್ಲಿ ಒಂದೂ ಇರಲಿಲ್ಲ!" ಎಂದು ಗೆದ್ದವನ ಹಾಗೆ ಬೀಗಿದ. ನಿನ್ನ ಓಟು ಯಾರಿಗೆ ಹಾಕಿದೆ ಎಂದು ಕೇಳಿದವರಿಗೆಲ್ಲ ಎಲಾದಿಯೊ ಒಂದೇ ಉತ್ತರ ಕೊಟ್ಟ: "ವಾರ್ನಿಶ್‌ಗೆ."

ತೊಂಬತ್ತೇಳರ ಜನವರಿಗೆ ನಮ್ಮೂರಿಗೆ ಕೆಂಪಿನವರ ಮೇಯರ್ ಬಂದ. ಬಳಿಯಬೇಕಾದ್ದರ ಪಟ್ಟಿ ಎಲಾದಿಯೊನ ಕೈಗೆ ಬಂತು: ಬೆಂಚು, ಕಂಬ, ಕಸದ ಡಬ್ಬ, ಬಸ್ ನಿಲ್ದಾಣ, ಸ್ಮಶಾನದ ಗೇಟು, ಮಾರುಕಟ್ಟೆಯ ಎಲ್ಲ ಗೋಡೆ. ಕೊನೆಯ ಸಾಲಿನ ಪಕ್ಕ ಹೊಸ ಮೇಯರ್ ತನ್ನ ಕೈಯಲ್ಲೇ ಬರೆದಿದ್ದ, ಕ್ಷೌರದಂಗಡಿಯದು ಬಿಟ್ಟು. ಎಲಾದಿಯೊ ಅದನ್ನು ನಾಲ್ಕು ಸಲ ಓದಿದ. ಮಿಕ್ಕದ್ದನ್ನೆಲ್ಲ ಮರ ಕಾಣುವವರೆಗೆ, ಗಾರೆ ಕಾಣುವವರೆಗೆ ಕೆರೆದು ಕೆಂಪು ಬಳಿದ. ಕೊನೆಗೆ ಒದ್ದೆ ಬಟ್ಟೆಯಿಂದ ಆ ಗೋಡೆಯ ದೂಳು ಒರೆಸಿದ. ಅದೇ ಅವನ ನೌಕರಿಯ ಕೊನೆಯ ಕೆಲಸ.

ಒರೆಸಿ ಮುಗಿಸುವಷ್ಟರಲ್ಲಿ ಮಾಕ್ಸಿಮಿನೊ ಸ್ಟೂಲು, ಸಣ್ಣ ಬ್ರಷ್ಷು, ಒಂದು ಬಟ್ಟಲು ಕಪ್ಪು ಬಣ್ಣ ಹಿಡಿದು ಬಂದ. ಬಂದವನು ಬಾವುಟದ ಕೆಳಗೆ, ಮೂಲೆಯಲ್ಲಿ, ಕೂತು ಬರೆಯತೊಡಗಿದ.

"ಏಯ್, ನನ್ನ ಗೋಡೆಗೆ ಏನೋ ಗೀಚ್ತಿದೀಯಾ?" ಎಂದ ಎಲಾದಿಯೊ.

"ಸುಮ್ನಿರು. ಬರಹ ಸೊಟ್ಟ ಆದ್ರೆ ನಿನ್ನಿಂದಲೇ."

ಅವನು ಎದ್ದ ಮೇಲೆ ಎಲಾದಿಯೊ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದ. ಇವತ್ತಿಗೂ ಅದು ಅಲ್ಲೇ ಇದೆ, ಯಾರೂ ಮುಟ್ಟಿಲ್ಲ:

ಬರೆದವನು ಇಲಾರಿಯೊ, 1947. ಕೆರೆಯದವನು ಎಲಾದಿಯೊ, 1950.